ಸಂಕಟಕ್ಕೆ ಜೀರಿಗೆ ನೀರು

ನೇಸರಗಿ
೯ ಜನವರಿ ೨೦೨೫, ಗುರುವಾರ

ನನ್ನ ಬಂಗಾರದಂಥ ಸಪ್ನಾ,

ಹೇಗಿದ್ದೀಯೆ ಎಂದು ಮೊದಲು ಕೇಳಬೇಕು, ಪತ್ರದ ಪದ್ಧತಿ ಅದು. ಆದರೆ ನಿನ್ನ ಉತ್ತರ ನನಗೆ ಗೊತ್ತೇ ಇದೆ. ‘ಏನಿಲ್ಲ ಯವ್ವಾ, ಇಡ್ತೇನಿ’ ಎಂದು ಫೋನ್ ಕಟ್ ಮಾಡುತ್ತೀಯೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜಿ ಆರಾಮಿದ್ದಾಳೆ. ಸಂಕ್ರಾಂತಿಯ ಸಜ್ಜಿರೊಟ್ಟಿಗೆ ಹಿಟ್ಟು ಬೀಸಿಸಿಟ್ಟು, ಎಂ.ಎಸ್ಸಿ. ಓದುವ ಮೊಮ್ಮಗಳು ಧಾರವಾಡದಿಂದ ಬಂದೇ ಬರುತ್ತಾಳೆಂದು ಓಣಿಗೆಲ್ಲ ಡಂಗುರ ಸಾರಿದ್ದಾಳೆ. ನನ್ನ ಅಂಗನವಾಡಿಯಲ್ಲಿ ಈಗ ಮೂವತ್ತೊಂದು ಮಕ್ಕಳು. ಕೂಗಿ ಕೂಗಿ ಗಂಟಲು ಕಟ್ಟಿದೆ, ಅಷ್ಟೇ ನನ್ನ ಆರೋಗ್ಯದ ಸುದ್ದಿ.

ದೀಪಾವಳಿ ಮುಗಿಸಿ ಹಾಸ್ಟೆಲಿಗೆ ಮರಳಿದ ಮೇಲೆ ನೀನು ಮೂರು ಸಲ ಒಂದೇ ಮಾತು ಹೇಳಿದೆ: ‘ಯವ್ವಾ, ಸಂಕಟ ಆಗಾಕ ಹತ್ತೇತಿ.’ ನಮ್ಮ ಕಡೆ ಸಂಕಟವೆಂದರೆ ಹೊಟ್ಟೆಯದು, ಮತ್ತೇನು? ಮೊದಲ ಸಲ ‘ಜೀರಿಗಿ ನೀರ ಕುಡಿ’ ಎಂದೆ. ಎರಡನೆಯ ಸಲ ಮೆಸ್ಸಿನಲ್ಲಿ ಖಾರ ತಿನ್ನುತ್ತೀ ಎಂದು ಬೈದೆ. ಮೂರನೆಯ ಸಲ ಬೈಲಹೊಂಗಲದಿಂದ ಪಿತ್ತದ ಗುಳಿಗೆ ತರಿಸಿ, ಬಸ್ಸಿನ ಡ್ರೈವರ್ ಪರಪ್ಪನ ಕೈಯಲ್ಲಿ ಕಳಿಸಿದೆ. ದೊಡ್ಡ ಕೆಲಸ ಮಾಡಿದೆನೆಂದು ಅಂದು ಹೊಟ್ಟೆತುಂಬ ಉಂಡೆ.

ಹೋದ ವಾರ ನಿನ್ನ ಪಕ್ಕದ ಕೋಣೆಯ ಶರ್ವರಿ ಫೋನ್ ಮಾಡಿದಳು. ‘ಕಾಕೂ, ಸಪ್ನಾ ಕ್ಲಾಸಿಗೆ ಬರದ ಹದಿನೈದ ದಿನಾ ಆತ್ರಿ. ಅಳೂದೂ ಇಲ್ಲ, ನಗೂದೂ ಇಲ್ಲ. ಸುಮ್ಮನ ಗ್ವಾಡಿ ನೋಡಕೋತ ಕೂತಿರತಾಳ್ರಿ.’ ಆಮೇಲೆ ನಿಮ್ಮ ಸಮಾಲೋಚಕಿ ಮೇಡಂ ಮಾತನಾಡಿದರು. ಭಾವನೆಗಳ ಹೆಸರು ಅಚ್ಚು ಹಾಕಿಸಿದ ಹಾಳೆ ಕೊಟ್ಟು, ನಿನಗೆ ಆಗುತ್ತಿರುವುದಕ್ಕೆ ಗುರುತು ಹಾಕು ಎಂದರಂತೆ. ನಲವತ್ತು ಹೆಸರಿನಲ್ಲಿ ಒಂದಕ್ಕೂ ಗುರುತು ಹಾಕದೆ, ನೀನು ಕೆಳಗೆ ‘ಸಂಕಟ’ ಎಂದು ಬರೆದೆಯಂತೆ. ಮೇಡಂ ಮೈಸೂರು ಕಡೆಯವರು. ‘ಅವಳಿಗೆ ಯಾವ ದುಃಖ ಇದೆ ಅಮ್ಮಾ?’ ಎಂದು ಕೇಳಿದರು. ‘ದುಃಖ ಅಲ್ರಿ ಮೇಡಂ, ಅದು ಹೊಟ್ಟೀದು’ ಎಂದೆ. ಅವರು ಒಮ್ಮೆ ಅವಳನ್ನೇ ಕೇಳಿ ನೋಡಿ ಎಂದರು. ಕೇಳಿದೆ, ಹೊಟ್ಟೆಯದೋ ಮನಸ್ಸಿನದೋ ಎಂದು. ನೀನು ‘ಗೊತ್ತಾಗವಲ್ದು ಯವ್ವಾ’ ಎಂದೆ.

ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಮೂವತ್ತೊಂದು ಮಕ್ಕಳಲ್ಲಿ ಯಾವುದು ಹಸಿವಿನ ಅಳು, ಯಾವುದು ನಿದ್ದೆಯ ಅಳು ಎಂದು ಬೆನ್ನು ತಿರುಗಿಸಿ ನಿಂತೇ ಹೇಳುವವಳು ನಾನು. ಹೆತ್ತ ಮಗಳದು ತಿಳಿಯಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಅಪ್ಪ ತೀರಿಕೊಂಡ ದಿನ ನಿನಗೆ ಒಂಬತ್ತು ವರ್ಷ. ತುಟಿ ನಡುಗಿಸುತ್ತ ನನ್ನ ಹತ್ತಿರ ಬಂದೆ. ನಾನೇನು ಹೇಳಿದೆ? ‘ಅಳೂದು ಆಮ್ಯಾಲ. ಮದ್ಲ ಬಂದವರಿಗೆ ನೀರ ಕೊಡು.’ ನೀನು ತಂಬಿಗೆ ಹಿಡಿದು ಒಬ್ಬರನ್ನೂ ಬಿಡದೆ ನೀರು ಕೊಟ್ಟೆ. ‘ಎಷ್ಟ ಗಟ್ಟಿ ಹುಡುಗಿ’ ಎಂದು ಮಂದಿ ಹೊಗಳಿದರು. ಆ ದುಃಖದಲ್ಲೂ ನಾನು ಹಿಗ್ಗಿದೆ ನೋಡು. ಆ ‘ಆಮ್ಯಾಲ’ ಯಾವಾಗ ಎಂದು ನಾನು ಹೇಳಲಿಲ್ಲ, ನೀನು ಕೇಳಲಿಲ್ಲ. ಹದಿಮೂರು ವರ್ಷವಾಯಿತು. ಈಗ ಅಳು ಎಂದರೆ ನಿನಗೆ ಬರುವುದಿಲ್ಲ, ಅಳಿಸಲು ನನಗೆ ಬರುವುದಿಲ್ಲ. ಏನು ಮಾಡಬೇಕೋ ತಿಳಿಯದೆ ಕೂತಿದ್ದೇನೆ ಮಗಳೇ.

ಅಜ್ಜಿಗೆ ಇದೊಂದೂ ಹೇಳಿಲ್ಲ. ‘ಹೊತ್ತಿಗೆ ಸರಿಯಾಗಿ ಉಣ್ಣಂತ ಬರಿ’ ಎಂದಿದ್ದಾಳೆ, ಬರೆದಿದ್ದೇನೆ. ಅವಳ ಆಶೀರ್ವಾದ ಉಂಟು, ನನ್ನದೂ ಉಂಟು. ಸವದತ್ತಿ ಎಲ್ಲಮ್ಮ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ
ರಾಜೇಶ್ವರಿ

ತಾ.ಕ.: ಇದನ್ನು ಅಂಚೆಗೆ ಹಾಕಲು ಬಸ್ ಸ್ಟ್ಯಾಂಡಿಗೆ ಹೋದವಳು ಧಾರವಾಡದ ಬಸ್ಸನ್ನೇ ಹತ್ತಿಬಿಟ್ಟೆ. ನಿನ್ನ ಕೋಣೆಯ ಹೊರಗೆ ನೆಲದ ಮೇಲೆ ಕೂತು ಇದಿಷ್ಟು ಬರೆಯುತ್ತಿದ್ದೇನೆ. ಶರ್ವರಿ ಬಾಗಿಲು ಬಡಿದಾಗ ‘ನೀ ಹೋಗ, ನಾ ಬರೂದಿಲ್ಲ’ ಎಂದೆಯಲ್ಲ, ಪಕ್ಕದಲ್ಲೇ ನಾನಿದ್ದೆ. ಕರೆಯಲು ಧೈರ್ಯ ಬರಲಿಲ್ಲ. ಬಾಗಿಲ ಕೆಳಗಿನಿಂದ ಇದನ್ನು ತಳ್ಳುತ್ತೇನೆ. ಇಷ್ಟು ದಿನ ನಿನ್ನನ್ನು ಬೈದದ್ದು ಸಿಟ್ಟಿನಿಂದಲ್ಲ ಸಪ್ನಾ, ಹೆದರಿಕೆಯಿಂದ. ಈಗಲೂ ಹೆದರಿದ್ದೇನೆ. ಏನಾಗಿದೆ ಎಂದು ಕೇಳುವುದಿಲ್ಲ. ಚಿಲಕ ಮಾತ್ರ ತೆಗೆ.