ಆರು ಐವತ್ತಕ್ಕೆ ಕೇಳಿದ ಸಹಿ

ಸಹಿಗೆ ಬಹಳ ಬೆಲೆ ಕೊಡುವ ಮಾನ್ಯ ಠಾಣಾಧಿಕಾರಿಗಳೇ,

ಕಳೆದ ಮಾರ್ಚ್ ತಿಂಗಳ ಒಂದು ಶುಕ್ರವಾರ ತಮ್ಮಲ್ಲಿ ಬರೆದ ಹೇಳಿಕೆಯ ಕೊನೆಗೆ ‘ವಿಚಾರಣೆಗೆ ಸಹಕರಿಸದೆ ಸಹಿ ಮಾಡಲು ನಿರಾಕರಿಸಿದ್ದಾನೆ’ ಎಂಬ ಸಾಲಿದೆ. ಆ ಸಾಲು ಸುಳ್ಳು. ಅದನ್ನು ತಿದ್ದಿ ಎಂದು ಎರಡು ಅರ್ಜಿ ಕೊಟ್ಟೆ. ಎರಡಕ್ಕೂ ಸ್ವೀಕೃತಿಯ ಮುದ್ರೆ ಸಿಕ್ಕಿತು, ಉತ್ತರ ಸಿಗಲಿಲ್ಲ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಠಾಣೆಯ ಹೆಸರು ಬರೆದಿಲ್ಲ. ತಮಗೆ ಗೊತ್ತಿದೆ.

ನಾನು ವಿಜಯಪುರದ ಅಥಣಿ ರಸ್ತೆಯವಳು. ತಿಕೋಟಾ ಕಡೆಯ ಒಣದ್ರಾಕ್ಷಿ ಘಟಕವೊಂದರಲ್ಲಿ ಗುಣಮಟ್ಟದ ದಾಖಲೆ ಬರೆಯುವುದು ನನ್ನ ಕೆಲಸ. ನಮ್ಮ ಮಾಲೀಕ ಶಿವಲಿಂಗ ಅವರ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಹೊರದೇಶದ ಯೆಹೂದಿ ಅಂಗಡಿಗಳಿಂದ ಬೇಡಿಕೆ ಬಂದಿತ್ತು. ತಮ್ಮ ಆಹಾರ ನಿಯಮ ಬಲ್ಲ ಒಬ್ಬರು ಬಂದು ನೋಡಿ ಸರಿಯಿದೆ ಎಂದರೆ ಮಾತ್ರ ಅವರು ಕೊಳ್ಳುತ್ತಾರೆ. ಹಾಗೆ ನೋಡಲು ಬಂದವರು ಪನವೇಲದ ಎಜ್ರಾ ಪೇಣಕರ. ಐವತ್ತೆಂಟು ವರ್ಷ, ಮನೆಮಾತು ಮರಾಠಿ. ಅವರ ಹಿರಿಯರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಅವರನ್ನು ಶನಿವಾರದ ಗಾಣಿಗರು ಎಂದೇ ಕರೆಯುತ್ತಿದ್ದರು.

ಒಣಗಿಸುವ ಮೊದಲು ದ್ರಾಕ್ಷಿ ಅದ್ದುವ ಎಣ್ಣೆಯ ಡಬ್ಬಿಯ ಮುಂದೆ ಅವರು ನಿಂತರು. ಇದು ಸಸ್ಯದಿಂದ ಮಾಡಿದ್ದೋ, ಪ್ರಾಣಿಯ ಕೊಬ್ಬಿನಿಂದಲೋ ಎಂದು ಮರಾಠಿಯಲ್ಲಿ ಕೇಳಿದರು. ಶಿವಲಿಂಗ ನನ್ನ ಕಡೆ ತಿರುಗಿದರು.

“ಹದಿನೆಂಟು ವರ್ಷ ಆತು ನಂದಕ್ಕಾ, ಇದ್ರಾಗ ಅದ್ದಿದ್ದನ್ನ ದೇವರಿಗೆ ಎಡಿ ಹಿಡದೇನಿ. ನಮಗ ಒಬ್ಬರಿಗೂ ಕೇಳಬೇಕು ಅನಸಲಿಲ್ಲಲ್ಲ!”

ಎಜ್ರಾ ಡಬ್ಬಿಯ ಮೇಲಿನ ಬರಹದ ಫೋಟೋ ತೆಗೆದುಕೊಂಡರು. ತಲೆಯ ಮೇಲೆ ಪುಟ್ಟ ಟೋಪಿ, ಕೈಯಲ್ಲಿ ಫೋನು, ಬಾಯಲ್ಲಿ ರಾಸಾಯನಿಕದ ಪ್ರಶ್ನೆ. ದಾರಿಯಲ್ಲಿ ಹೋಗುವ ಯಾರೋ ತಮಗೆ ಸುದ್ದಿ ಮುಟ್ಟಿಸಿದರು. ಅದು ತಪ್ಪಲ್ಲ. ತಾವು ಕರೆಸಿ ವಿಚಾರಿಸಿದ್ದೂ ತಪ್ಪಲ್ಲ. ಮಧ್ಯಾಹ್ನ ಎರಡಕ್ಕೆ ನಾವು ಮೂವರೂ ತಮ್ಮ ಬೆಂಚಿನ ಮೇಲೆ ಕೂತೆವು. ಅವರು ಆಧಾರ್, ಮತದಾರರ ಚೀಟಿ, ಪಾಸ್‌ಪೋರ್ಟು ಮೂರನ್ನೂ ಕೊಟ್ಟರು. ಇಷ್ಟೊಂದು ದಾಖಲೆ ಜೊತೆಗಿಟ್ಟುಕೊಂಡು ಓಡಾಡುವವನು ಭಾರತೀಯನಲ್ಲದೆ ಬೇರೆ ಯಾರಿರಬಹುದು? ಮೂರು ಗಂಟೆಗೆ ಹೇಳಿಕೆ ಬರೆದು ಮುಗಿಯಿತು. ತಾವು ಬಂದು ಓದಿದ ಮೇಲೆ ಸಹಿ ಎಂದರು ತಮ್ಮ ಸಿಬ್ಬಂದಿ.

ನಾನು ಅನುವಾದಿತ ಕಾದಂಬರಿಗಳನ್ನು ಓದುವವಳು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಯೆಹೂದಿಗಳು ಬರೆಯುವುದಿಲ್ಲ, ವಾಹನ ಹತ್ತುವುದಿಲ್ಲ, ಮರುದಿನ ರಾತ್ರಿ ಮೂರು ನಕ್ಷತ್ರ ಕಾಣುವವರೆಗೆ ಹಾಗೇ ಎಂಬುದನ್ನು ಅಡಿಟಿಪ್ಪಣಿಗಳಲ್ಲಿ ಓದಿದ್ದೆ. ಅಡಿಟಿಪ್ಪಣಿಯೊಂದು ಬೆಂಚಿನ ಮೇಲೆ ಕೂತು ಕಿಟಕಿಯ ಬಿಸಿಲನ್ನು ಅಳೆಯುವುದನ್ನು ಮೊದಲ ಸಲ ನೋಡಿದೆ. ಈಗಲೇ ಸಹಿ ಮಾಡಬಹುದೇ ಎಂದು ಅವರು ನಾಲ್ಕಕ್ಕೆ ಕೇಳಿದರು, ಐದಕ್ಕೆ ಕೇಳಿದರು, ಐದೂವರೆಗೆ ಕೇಳಿದರು. ಆರಕ್ಕೆ ಎದ್ದು ನಿಂತು, ಬೇಕಾದರೆ ಖಾಲಿ ಹಾಳೆಯ ಮೇಲೆ ಸಹಿ ಮಾಡಿಕೊಡುತ್ತೇನೆ, ಆಮೇಲೆ ಬರೆದುಕೊಳ್ಳಿ ಎಂದರು. ನಾಲ್ಕು ಸಲವೂ ಒಂದೇ ಉತ್ತರ: “ಸಾಹೇಬ್ರು ಬರ್ಲಿ, ಕುಂಡ್ರ್ರಿ.”

ತಾವು ಬಂದಾಗ ಗೋಡೆಯ ಗಡಿಯಾರದಲ್ಲಿ ಆರು ಐವತ್ತು. ಸೂರ್ಯ ಮುಳುಗಿ ಕಾಲು ಗಂಟೆಯಾಗಿತ್ತು. ನಾಳೆ ಕತ್ತಲಾದ ಮೇಲೆ ಬಂದು ಸಹಿ ಮಾಡುತ್ತೇನೆ, ಅಲ್ಲಿಯವರೆಗೆ ಎಲ್ಲಿ ಕೂರಿಸಿದರೂ ಕೂರುತ್ತೇನೆ ಎಂದು ಅವರು ಕೈಮುಗಿದರು.

“ನಾಳಿಗಿ ಮಾಡಾಂವ ಇವತ್ತ ಯಾಕ ಮಾಡಂಗಿಲ್ಲ? ಪೆನ್ನು ಕಚ್ಚತೈತೇನು?” ಎಂದಿರಿ. ಎಲ್ಲರೂ ನಕ್ಕರು. ಹೆಬ್ಬೆಟ್ಟು ಒತ್ತಲು ಶಾಯಿಯ ಡಬ್ಬಿ ತರಿಸಿದಿರಿ. ಅವರು ಅದೂ ಆಗದೆಂದು ತಲೆಯಲ್ಲಾಡಿಸಿದರು. ನಾನು ನಡುವೆ ಬಾಯಿ ಹಾಕಿ ಓದಿದ್ದನ್ನು ಹೇಳಿದೆ.

“ಕಾದಂಬರಿ ಓದಿ ನಮಗ ಕಾಯ್ದೆ ಕಲಸಾಕತ್ತೀರೇನ್ರಿ ಮೇಡಮ್ಮಾರ?”

ಆಮೇಲೆ ಆ ಸಾಲು ಬರೆಯಿಸಿದಿರಿ. ಸಾಕ್ಷಿಗಳು ಬೇಕಾದರು. ಮೊದಲ ಸಾಕ್ಷಿ ತಮ್ಮ ಬಾಗಿಲಲ್ಲೇ ನಿಂತಿದ್ದ ಚಹಾದವನು. ಎರಡನೆಯವಳು ನಾನು. ಏಳು ಹತ್ತಕ್ಕೆ ವಿಜಯಪುರದ ಬಸ್ಸಿತ್ತು. ಹಾಳೆಯನ್ನು ಪೂರ್ತಿ ಓದಿದೆ. ಕೊನೆಯ ಸಾಲು ಸುಳ್ಳೆಂದು ನನಗೆ ಗೊತ್ತಿತ್ತು. ಸಹಿ ಮಾಡಿದೆ. ತಮ್ಮ ಪೆನ್ನು ಚೆನ್ನಾಗಿತ್ತು, ಅಕ್ಷರ ಗುಂಡಗೆ ಮೂಡಿದವು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು.

ವಾಹನ ಹತ್ತುವಂತಿಲ್ಲದ್ದರಿಂದ ಎಜ್ರಾ ವಿಜಯಪುರದ ವಸತಿಗೃಹಕ್ಕೆ ಹೋಗುವಂತಿರಲಿಲ್ಲ. ಘಟಕಕ್ಕೆ ನಾಲ್ಕು ಕಿಲೋಮೀಟರ್ ನಡೆದರು. ಶಿವಲಿಂಗ ತಮ್ಮ ಮೋಟಾರ್‌ಸೈಕಲ್ಲಿನ ಮೇಲೆ ಅವರ ಚೀಲ ಇಟ್ಟು, ಗಾಡಿ ಚಾಲೂ ಮಾಡದೆ ತಳ್ಳಿಕೊಂಡು ಪಕ್ಕದಲ್ಲಿ ನಡೆದರು. ಶನಿವಾರ ಬೆಳಿಗ್ಗೆ ಮಣೂಕ ಆರಿಸುವ ಸೈಮಾ ಒಂದು ಫಣಿ ಬಾಳೆಹಣ್ಣು ತಂದಿಟ್ಟಳು. “ಇದಕ್ಕ ಯಾರ ಭಾಂಡೇನೂ ಬೇಕಾಗಿಲ್ರಿ ಚಾಚಾ, ನೀವಽ ಸುಲಕೊಂಡು ತಿನ್ರಿ” ಎಂದಳು. ಬೇರೆಯವರ ಪಾತ್ರೆಯಲ್ಲಿ ಅವರು ಉಣ್ಣುವುದಿಲ್ಲ ಎಂಬುದು ಯಾವ ಕಾದಂಬರಿಯನ್ನೂ ಓದದೆ ಅವಳಿಗೆ ತಿಳಿದಿತ್ತು. ಆ ಸಂಜೆ ಮೂರು ನಕ್ಷತ್ರ ಎಣಿಸಿಕೊಂಡು ಎಜ್ರಾ ಮತ್ತೆ ತಮ್ಮಲ್ಲಿಗೆ ಬಂದರು. ಏಳೂವರೆಯಾಗಿತ್ತು. ಶಿವಲಿಂಗ ಜೊತೆಗಿದ್ದರು. ಸಹಿ ಮಾಡಲು ಬಂದಿದ್ದೇನೆ ಎಂದವರಿಗೆ ಸಿಕ್ಕ ಉತ್ತರ: “ಫೈಲ್ ಮುಗದೈತ್ರಿ. ಏನೂ ಬ್ಯಾಡ, ಊರಿಗೆ ಹೋಗ್ರಿ.”

ಫೈಲು ಮುಗಿದಿರಲಿಲ್ಲ. ಎಜ್ರಾ ಅವರ ತಾಯಿಗೆ ಎಂಬತ್ತಾರು ವರ್ಷ. ಮಗಳ ಮನೆಯಲ್ಲಿ, ಇಸ್ರೇಲಿನ ಅಶ್ದೋದ್ ಎಂಬ ಊರಿನಲ್ಲಿದ್ದಾರೆ. ಸೈರನ್ ಕೂಗಿದ ಒಂದು ದಿನ ಮೆಟ್ಟಿಲಿಳಿಯುವಾಗ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಾರೆ. ಮಗ ಹೋಗಬೇಕು. ಪಾಸ್‌ಪೋರ್ಟಿನ ಅವಧಿ ಮುಗಿದಿದೆ. ನವೀಕರಣಕ್ಕೆ ಹೋದರೆ ಪರಿಶೀಲನೆಯಲ್ಲಿ ತಮ್ಮ ಸಾಲು ಎದುರಾಗಿ ಅರ್ಜಿ ಅಲ್ಲೇ ನಿಂತಿದೆ. ಕಳೆದ ವಾರ ಫೋನಿನಲ್ಲಿ ಅವರು ಹೇಳಿದರು: ತಾಯಿಗೆ ಈಗ ಉಳಿದವರ ಗುರುತು ಹತ್ತುವುದಿಲ್ಲ, ಎಲ್ಲರನ್ನೂ ಎಜ್ರಾ ಎಂದೇ ಕರೆಯುತ್ತಾರೆ. ನಾನು ಹೂಂ ಎಂದೆ.

ಆ ದೇಶ ನಡೆಸಿದ ಯುದ್ಧದ ಬಗ್ಗೆ ನನಗೂ ಅಭಿಪ್ರಾಯವಿದೆ. ಗಾಜಾದ ಮಕ್ಕಳ ಚಿತ್ರ ನೋಡಿ ತಟ್ಟೆ ಸರಿಸಿ ಎದ್ದ ದಿನಗಳಿವೆ. ಈಗೀಗ ನೋಡುತ್ತೇನೆ, ಉಣ್ಣುತ್ತೇನೆ. ಆದರೆ ಆ ಲೆಕ್ಕವನ್ನು ಪನವೇಲದ ಒಬ್ಬ ಮನುಷ್ಯನ ಸಹಿಯಲ್ಲಿ ತೀರಿಸಲು ಬರುತ್ತದೆಯೇ? ತಾವೂ ಹಾಗೆ ಎಣಿಸಿರಲಿಕ್ಕಿಲ್ಲ. ತಮಗೆ ದ್ವೇಷವಿರಲಿಲ್ಲ, ತಡವಾಗಿತ್ತು ಅಷ್ಟೆ. ತಡವನ್ನು ನಿರಾಕರಣೆ ಎಂದು ಬರೆದಿರಿ. ನಿರಾಕರಣೆ ಅವರ ಹೆಸರಿಗೆ ಹೋಯಿತು, ತಡ ಯಾರ ಹೆಸರಿಗೂ ಹೋಗಲಿಲ್ಲ.

ನನ್ನ ಬೇಡಿಕೆ ಚಿಕ್ಕದು. ಆ ಸಾಲಿನ ಕೆಳಗೆ ಹೀಗೆ ಬರೆಯಿರಿ: ‘ಸದರಿ ವ್ಯಕ್ತಿ ಸೂರ್ಯಾಸ್ತಕ್ಕೆ ಮೊದಲು ನಾಲ್ಕು ಸಲ ಸಹಿ ಮಾಡಲು ಮುಂದೆ ಬಂದಿದ್ದರು, ಠಾಣೆಯವರು ಪಡೆದಿರಲಿಲ್ಲ. ಮರುದಿನ ಸಂಜೆ ತಾವಾಗಿ ಬಂದಿದ್ದರು, ಆಗಲೂ ಪಡೆಯಲಿಲ್ಲ. ಎರಡನೆಯ ಸಾಕ್ಷಿ ತಿಳಿದೂ ಸುಳ್ಳಿಗೆ ಸಹಿ ಮಾಡಿದ್ದಾರೆ.’ ಇದರ ಒಂದು ಪ್ರತಿಯನ್ನು ಅವರ ಅರ್ಜಿ ನಿಂತಿರುವ ಕಚೇರಿಗೆ ಕಳಿಸಿ. ಮೂರನೆಯ ವಾಕ್ಯಕ್ಕೆ ಕಾನೂನಿನಲ್ಲಿ ಶಿಕ್ಷೆ ಇದೆಯೆಂದು ವಕೀಲರೊಬ್ಬರು ಎಚ್ಚರಿಸಿದ್ದಾರೆ. ಇರಲಿ, ಅದನ್ನು ಬಿಡಬೇಡಿ. ಹೊಸ ಹೇಳಿಕೆಗೆ ಶನಿವಾರ ಬಿಟ್ಟು ಯಾವ ದಿನ ಕರೆದರೂ ಅವರು ಬರುತ್ತಾರೆ. ನನ್ನನ್ನು ಶನಿವಾರವೂ ಕರೆಯಬಹುದು.

ಇಂತಿ,
ಪೂರ್ತಿ ಓದಿಯೇ ಸಹಿ ಮಾಡಿದವಳು,
ನಂದಾ ಮಠಪತಿ
ಅಥಣಿ ರಸ್ತೆ, ವಿಜಯಪುರ