ಬಾಲ ಆಡಿಸಿದ ತಪ್ಪಿಗೆ

ಮಹಡಿಯ ಕೋಣೆಯಿಂದ,
೧೨ನೇ ತಾರೀಖು, ಮಂಗಳವಾರ

ಪ್ರೀತಿಯ ಯಜಮಾನರೇ,

ನಿಮ್ಮ ಗುಂಡನಿಗೆ ಕೊನೆಯ ಇಂಜೆಕ್ಷನ್ನೂ ಮುಗಿಯಿತು, ಮಹಾರಾಯ ಒಂದು ಸಲ ಕೆಮ್ಮಲೂ ಇಲ್ಲ! ನೀವು ಹೇಗಿದ್ದೀರಿ? ಸೇತುವೆ ಕೆಲಸದ ಧೂಳಿಗೆ ಗಂಟಲು ಕಟ್ಟಿದೆ ಎಂದಿದ್ದಿರಿ, ಬಿಸಿನೀರು ಕುಡಿಯುತ್ತಿದ್ದೀರಿ ತಾನೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀವು "ಗುಂಡ ತಿಂದ್ನಾ, ಗುಂಡ ಮಲಗಿದ್ನಾ" ಎಂದು ಶುರು ಮಾಡಿದರೆ, ನನ್ನ ಸರದಿ ಬರುವಷ್ಟರಲ್ಲಿ ಸೈಟಿನಲ್ಲಿ ಯಾರೋ ನಿಮ್ಮನ್ನು ಕರೆದಿರುತ್ತಾರೆ.

ನಿಜ ಹೇಳಿಬಿಡುತ್ತೇನೆ, ನನಗೆ ಹೊಟ್ಟೆಯುರಿ. ಮದುವೆಯಾಗಿ ಇನ್ನೂ ಮೂರು ತಿಂಗಳು. ಹೊರಡುವ ದಿನ ನಾಯಿಯ ಕಿವಿ ಸವರುತ್ತಾ ಅರ್ಧ ಗಂಟೆ ಕೂತಿರಿ, ನನಗೆ ಮಾತ್ರ ಬಾಗಿಲಲ್ಲಿ ಒಂದು "ಬರ್ತೀನಿ". ಅದರ ಹೃದಯದಲ್ಲಿ ಹುಳ ಸೇರಿದೆ ಎಂದು ಗೊತ್ತಾದ ದಿನ ಡಾಕ್ಟರು ಹೇಳಿದ್ದು ನೆನಪಿದೆಯಲ್ಲ: "ಔಷಧಿಗೆ ಹುಳ ಸಾಯುತ್ತೆ. ಆದ್ರೆ ಇದು ಕುಣಿದಾಡಿದ್ರೆ ಸತ್ತ ಹುಳ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತೆ, ಜೀವಕ್ಕೇ ಅಪಾಯ. ಯಾರನ್ನ ಕಂಡ್ರೆ ಇದು ಕುಣಿಯುತ್ತೋ ಅವರು ಮನೇಲಿರಬಾರದು." ನಿಮ್ಮನ್ನು ಹಾಗೆ ಹೊರಹಾಕಿ ನನ್ನತ್ತ ತಿರುಗಿದರು: "ನಿಮ್ಮನ್ನ ಕಂಡ್ರೆ ಇದಕ್ಕೇನೂ ಅನ್ಸಲ್ಲ ಅಲ್ವಾ? ಹಾಗಾದ್ರೆ ನೀವೇ ಸರಿ." ಇಂಥ ಹೊಗಳಿಕೆ ಬೇರೆ ಯಾವ ಹೊಸ ಸೊಸೆಗೆ ಸಿಕ್ಕಿರುತ್ತದೆ, ಹೇಳಿ.

ಎರಡು ತಿಂಗಳು ಮಾತ್ರೆಗಳನ್ನು ಬೆಣ್ಣೆಯಲ್ಲಿ ಅಡಗಿಸಿ ತಿನ್ನಿಸಿದೆ, ಪಟ್ಟಿ ಬಿಗಿಹಿಡಿದು ಹಿತ್ತಿಲಿಗೆ ಹತ್ತೇ ಹೆಜ್ಜೆ ನಡೆಸಿದೆ. ನಿನ್ನೆ ಸ್ನಾನ ಮುಗಿಸಿ ಬಂದರೆ ಮಲಗಿದ್ದ ಗುಂಡ ಎದ್ದು, ಬಾಲವಷ್ಟೇ ಅಲ್ಲ, ಸೊಂಟವನ್ನೇ ಆಡಿಸಿಬಿಟ್ಟಿತು. ನನ್ನನ್ನು ನೋಡಿ, ರೀ, ನನ್ನನ್ನು. ಕಣ್ಣು ತುಂಬಿ ಬಂತು. ಖುಷಿ ತಡೆಯಲಾರದೆ ಡಾಕ್ಟರಿಗೆ ಹೇಳಿದೆ. ಅವರು, "ಹಾಗಾದ್ರೆ ನೀವೂ ಮನೆ ಬಿಡಬೇಕಮ್ಮ. ಇನ್ನೂ ಆರು ವಾರ ಜೋಪಾನ" ಎಂದರು. ಅದಕ್ಕೇ ಮಹಡಿಯಲ್ಲಿ ಅಡಗಿ ಕೂತಿದ್ದೇನೆ. ಅತ್ತೆ ಕೈಯಲ್ಲಿದ್ದ ಪೊರಕೆ ಕೆಳಗಿಡದೆಯೇ, "ನೀನು ಹೊರಡಮ್ಮ, ನಾನು ನೋಡ್ಕೋತೀನಿ. ನನ್ನ ಕಂಡ್ರೆ ಅದು ಮಂಚದ ಕೆಳಗಿಂದ ಮೂಗೂ ಆಚೆ ಹಾಕಲ್ಲ" ಎಂದರು.

ಅತ್ತೆಯ ಆಶೀರ್ವಾದ ನಿಮಗೆ ತಲುಪಲಿ. ನನ್ನದೆಲ್ಲ ಬರೆಯಲು ನಾಚಿಕೆ.

ನಿಮ್ಮ ಹೆಂಡತಿ
(ಮನೆಯಲ್ಲಿ ಹಾಗೊಬ್ಬಳು ಇದ್ದಾಳೆ)

ಮರೆತಿದ್ದೆ: ನಾಯಿಯ ಸಮಾಚಾರವೆಲ್ಲ ಇಲ್ಲೇ ಬರೆದಿದ್ದೇನೆ, ಎದುರಿಗೆ ಸಿಕ್ಕಾಗ ಮತ್ತೆ ಕೇಳುವಂತಿಲ್ಲ. ಸ್ಟೇಷನ್ನಿಗೆ ನೀವೇ ಬರಬೇಕು, ಜೀಪು ಕಳಿಸಿದರೆ ನಾನು ಇಳಿಯುವವಳಲ್ಲ. ಶನಿವಾರ, ಬೆಳಿಗ್ಗೆ ಆರೂವರೆಯ ಪ್ಯಾಸೆಂಜರ್.