ಮಂಡಕ್ಕಿ ಜೇಬಿನ ವಾದ ಯಾರದು?

ಮಾನ್ಯ ಪ್ರಾಂಶುಪಾಲರೇ,

ನನಗೆ ಹೊಟ್ಟೆಕಿಚ್ಚಾಗಿದೆ. ಈ ಪತ್ರದ ಮೊದಲ ಕರಡಿನಲ್ಲಿ ‘ತೀವ್ರ ಅಸಮಾಧಾನ’ ಎಂದು ಬರೆದಿದ್ದೆ. ಅದು ಯಾಕೆ ಬದಲಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ. ಮುಂದಿನ ತಿಂಗಳ ಮೂಟ್ ಕೋರ್ಟ್ ಎಂಬ ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ನಮ್ಮ ಕಾನೂನು ಕಾಲೇಜಿನ ಪರವಾಗಿ ವಾದಿಸಲು ತಾವು ನನ್ನ ಗೆಳತಿ ಮುಮ್ತಾಜಳನ್ನು ಆರಿಸಿ, ನನ್ನನ್ನು ‘ಸಂಶೋಧಕಿ’ ಮಾಡಿದ್ದೀರಿ. ಹೆಸರೇನೋ ಘನವಾಗಿದೆ. ಆದರೆ ಕೆಲಸವೆಂದರೆ ಅವಳ ಪಕ್ಕ ಬಾಯಿ ಮುಚ್ಚಿಕೊಂಡು ಕೂತು, ಅವಳು ತಡವರಿಸಿದಾಗ ಚೀಟಿ ಬರೆದು ದಾಟಿಸುವುದು. ಸ್ಪರ್ಧೆ ಮುಗಿಯುವವರೆಗೆ ಸಂಶೋಧಕಿ ಒಂದು ಮಾತೂ ಆಡುವಂತಿಲ್ಲ.

ನಾನು ಕೊಕ್ಕನೂರಿನ ಭಾಗ್ಯ. ಹರಿಹರದಲ್ಲಿ ಬಸ್ಸು ಬದಲಿಸುವಾಗ ಮುಮ್ತಾಜ್ ನನಗೊಂದು ಸೀಟು ಹಿಡಿದಿರುತ್ತಾಳೆ. ಸಂಜೆ ಅವಳು ತಂದೆ ಮಕ್ತುಮ್ ಸಾಬರ ಬಳೆ ಅಂಗಡಿಯಲ್ಲಿ ಕೂರಬೇಕು, ಓದಲು ಪುರಸೊತ್ತಿಲ್ಲ. ಹಾಗಾಗಿ ಹಿಂದಿನ ದಿನದ ಪಾಠವನ್ನು ದಾವಣಗೆರೆ ಮುಟ್ಟುವಷ್ಟರಲ್ಲಿ ನಾನು ಅವಳಿಗೆ ಒಪ್ಪಿಸುತ್ತೇನೆ. ಅಪರಾಧ ಕಾನೂನಿನ ತತ್ವಗಳನ್ನೆಲ್ಲ ಅವಳು ಕಲಿತದ್ದು ಆ ಬಸ್ಸಿನಲ್ಲೇ. ಒಂದು ಬೆಳಿಗ್ಗೆ ಬಾತಿ ಹತ್ತಿರ ಒಬ್ಬ ಪುಣ್ಯಾತ್ಮ, ಓಬಯ್ಯ ಎಂಬ ಹಿರಿಯರ ಅಂಗಿ ಜೇಬಿಗೆ ಕೈ ಹಾಕಿ ಸಿಕ್ಕಿಬಿದ್ದ. ಜೇಬಿನಲ್ಲಿ ಇದ್ದದ್ದು ಬರೀ ಮಂಡಕ್ಕಿ. ಇಡೀ ಬಸ್ಸು ನಕ್ಕು, ಏನೂ ಹೋಗಿಲ್ಲವಲ್ಲ ಎಂದು ಅವನನ್ನು ಇಳಿಸಿ ಕಳಿಸಿತು. ನಾನು ಮುಮ್ತಾಜಳ ಕಿವಿಯಲ್ಲಿ ಹೇಳಿದೆ: ಪಕ್ಕಕ್ಕೆ ಬಂದು ನಿಂತದ್ದು ಸಿದ್ಧತೆ, ಕೈ ಹಾಕಿದ್ದು ಪ್ರಯತ್ನ. ಜೇಬಿನಲ್ಲಿ ದುಡ್ಡಿಲ್ಲದಿದ್ದರೂ ಅಪರಾಧವೇ.

ಆಯ್ಕೆಯ ದಿನ ತಾವು ಕೇಳಿದ್ದೂ ಅದನ್ನೇ, ಸಿದ್ಧತೆಗೂ ಪ್ರಯತ್ನಕ್ಕೂ ಏನು ವ್ಯತ್ಯಾಸ ಎಂದು. ಮೊದಲ ಸರದಿ ನನ್ನದು. ಅಂಥ ಸಭಾಂಗಣದಲ್ಲಿ ಮಂಡಕ್ಕಿಯ ಮಾತಾಡುವುದು ಮರ್ಯಾದೆಯಲ್ಲವೆಂದು ಪುಸ್ತಕದ ವ್ಯಾಖ್ಯೆಗಳನ್ನು ಒಪ್ಪಿಸಿದೆ. ನನ್ನ ದನಿ ಎರಡನೇ ಸಾಲು ದಾಟಲಿಲ್ಲ. ಆಮೇಲೆ ಮುಮ್ತಾಜ್ ಎದ್ದಳು. ಓಬಯ್ಯ, ಜೇಬು, ಮಂಡಕ್ಕಿ ಎಲ್ಲವೂ ಕೊನೆಯ ಬೆಂಚಿಗೂ ಕೇಳಿಸಿತು. ತಾವು ಮೇಜು ತಟ್ಟಿ ನಕ್ಕಿರಿ. ನನ್ನ ಹೊಟ್ಟೆ ಉರಿಯಿತು. ಅವಳು ಅಲ್ಲೇ ನಾಲಿಗೆ ತೊದಲಿ ಕೂತುಬಿಡಲಿ ಎಂದು ಮನಸಾರೆ ಬಯಸಿದೆ. ಕೇವಲ ಬಯಸಿದ್ದಕ್ಕೆ ಶಿಕ್ಷೆಯಿಲ್ಲವೆಂದು ತಾವೇ ಪಾಠ ಮಾಡಿದ್ದೀರಿ, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅವಳ ಮೇಲೆ ಯಾವ ಆರೋಪ ಹೊರಿಸಬಹುದೆಂದು ಪುಸ್ತಕ ಪೂರ್ತಿ ತಿರುವಿಹಾಕಿದೆ. ಕಳ್ಳತನವೆಂದರೆ ಚರ ಸ್ವತ್ತನ್ನೇ, ಅಂದರೆ ಎತ್ತಿಕೊಂಡು ಹೋಗಬಹುದಾದ ವಸ್ತುವನ್ನೇ, ಕದ್ದಿರಬೇಕಂತೆ. ಕಿವಿಯಲ್ಲಿ ಹೇಳಿದ ಮಾತು ಯಾವ ಸ್ವತ್ತು? ಹೋಗಲಿ, ದುರುದ್ದೇಶವಾದರೂ ಸಿಗುತ್ತದೆಯೇ ಎಂದು ನೋಡಿದೆ. ಅದನ್ನೂ ಅವಳು ಉಳಿಸಲಿಲ್ಲ. ವೇದಿಕೆಯಿಂದ ಇಳಿದವಳೇ ನೇರವಾಗಿ ತಮ್ಮ ಬಳಿ ಬಂದು, “ಸರ್, ಮಂಡಕ್ಕಿ ಮಾತು ಭಾಗ್ಯಂದು, ನಂದಲ್ಲ” ಎಂದಳು. ತಾವು ಅವಳ ದೊಡ್ಡ ಮನಸ್ಸನ್ನು ಹೊಗಳಿದಿರಿ. ಸಾಕ್ಷಿ ತಾನಾಗಿ ಬಂದು ಎದುರು ನಿಂತು ಸತ್ಯ ನುಡಿದರೂ ದಾಖಲಿಸಿಕೊಳ್ಳದೆ ಬೆನ್ನು ತಟ್ಟಿ ಕಳಿಸುವುದು ಯಾವ ನ್ಯಾಯಾಲಯದ ಪದ್ಧತಿ, ಸ್ವಾಮಿ? ನನ್ನನ್ನೇಕೆ ಆರಿಸಲಿಲ್ಲವೆಂದು ನಾನು ಕೇಳಿದಾಗ ತಾವು ಕೊಟ್ಟ ತೀರ್ಪು ಇದು: “ನಿನ್ನ ಓದು ಚೆನ್ನಾಗೈತಮ್ಮ. ದನಿನೇ ಇಲ್ಲಲ್ಲ, ಏನ್ ಮಾಡಾದು?”

ದನಿಯನ್ನೇ ಅಳೆಯುವುದಾದರೆ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಊರ ಹೆಸರು ಕೂಗುವ ಯಾರನ್ನಾದರೂ ಕಳಿಸಿ, ಗೆದ್ದ ಕಪ್ ಖಂಡಿತ ನಮ್ಮದೇ. ಮುಮ್ತಾಜಳ ಗಂಟಲು ಸಂತೆಯ ಗದ್ದಲದಲ್ಲಿ ಗಿರಾಕಿ ಕರೆದು ಪಳಗಿದ್ದು. ನಮ್ಮ ಮನೆಯಲ್ಲಿ ಹುಡುಗಿಯ ಮಾತು ಪಡಸಾಲೆಗೆ ಕೇಳಿಸಿದರೆ ಅಪ್ಪ ಕೆಮ್ಮುತ್ತಾರೆ. ಅವಳ ಅಂಕ, ಅವಳ ಬಳೆ ಯಾವುದೂ ನನಗೆ ಬೇಡ. ಆ ಗಂಟಲಿನ ಮೇಲೆ ನನಗೆ ಕಣ್ಣಿದೆ. ಆದರೂ ಒಂದು ಸಂಶಯ. ಇಂಜಿನ್ನಿನ ಅಬ್ಬರದಲ್ಲೂ ಅವಳಿಗೆ ಕೇಳಿಸುವ ನನ್ನ ಮಾತು, ಫ್ಯಾನು ಬಿಟ್ಟರೆ ಬೇರೇನೂ ಸದ್ದಿಲ್ಲದ ಸಭಾಂಗಣದಲ್ಲಿ ತಮಗೆ ಮಾತ್ರ ಕೇಳಿಸದೆ ಹೋದದ್ದು ಹೇಗೆ?

ಈ ಪತ್ರದ ಕರಡನ್ನು ನಿನ್ನೆ ಬಸ್ಸಿನಲ್ಲಿ ಮುಮ್ತಾಜಳಿಗೇ ಕೊಟ್ಟೆ. ಓದಿ, ಪೆನ್ನು ಕೇಳಿದಳು. “ಅಸಮಾಧಾನ ಅಂತ ಯಾಕ ಬರ್ದಿ? ಹೊಟ್ಟೆಕಿಚ್ಚು ಐತೆ, ಹಂಗೇ ಬರಿ” ಎಂದು ತಾನೇ ಆ ಪದ ಹೊಡೆದುಹಾಕಿ ತಿದ್ದಿದಳು. ಜಾಗ ಬಿಟ್ಟುಕೊಡುತ್ತಾಳೇನೋ ಎಂಬ ಸಣ್ಣ ಆಸೆ ನನಗಿತ್ತು. ಅದನ್ನೂ ಅವಳು ಓದಿಕೊಂಡಳು. “ಬಿಟ್ಟುಕೊಡಂಗಿಲ್ಲ. ನೀ ಎದ್ದು ನಿಂತು ವಾದ ಮಾಡು, ನಾ ಎದುರಿಗೆ ನಿಂದರ್ತೀನಿ. ಗೆದ್ರೆ ತಗ, ಚೀಟಿ ನಾ ಬರೀತೀನಿ” ಎಂದಳು. ಇಷ್ಟು ಸಲೀಸಾಗಿ ಹೇಳಲು ಬರುತ್ತದಲ್ಲ ಇವಳಿಗೆ ಎಂದು ಅದಕ್ಕೂ ಹೊಟ್ಟೆಕಿಚ್ಚಾಯಿತು.

ಆದ್ದರಿಂದ ನನ್ನ ಬೇಡಿಕೆ ಒಂದೇ. ಅವಳ ಆಯ್ಕೆ ರದ್ದು ಮಾಡಬೇಡಿ. ನಮ್ಮಿಬ್ಬರನ್ನೂ ಎದುರುಬದುರು ನಿಲ್ಲಿಸಿ ಮತ್ತೊಮ್ಮೆ ಆಲಿಸಿ. ನನ್ನ ದನಿ ನಡುಗಬಹುದು. ತಾವು ಕುರ್ಚಿಯನ್ನು ಒಂದಿಷ್ಟು ಮುಂದೆ ಎಳೆದುಕೊಳ್ಳಿ. ಈ ಸಲ ಮಂಡಕ್ಕಿಯ ಮಾತನ್ನು ನಾನೇ ಹೇಳುತ್ತೇನೆ. ಸೋತರೆ ಅವಳ ಪಕ್ಕ ಕೂತು ಚೀಟಿ ಬರೆಯುತ್ತೇನೆ, ಅಕ್ಷರ ದುಂಡಗಿರುತ್ತದೆ.

ಇಂತಿ,
ಸದ್ಯಕ್ಕೆ ಮಾತಾಡುವಂತಿಲ್ಲದ ತಮ್ಮ ಸಂಶೋಧಕಿ,
ಭಾಗ್ಯಲಕ್ಷ್ಮಿ, ಕೊಕ್ಕನೂರು
(ತಿದ್ದಿದವಳು: ಮುಮ್ತಾಜ್)